ಹುಳ ಜ್ವರದಲ್ಲಿದ್ದಾಗ

ಆಗೆಲ್ಲ ಮೇಲೂರಿನ ಸುತ್ತ ಯಾರ ಮನೆಗೆ ಹೋದರೂ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಾಗಿಲಲ್ಲೇ ಎದುರಾಗುತ್ತಿತ್ತು. ನಮ್ಮ ಮನೆಯಲ್ಲಂತೂ ಜನಕ್ಕಿಂತ ರೇಷ್ಮೆಹುಳಕ್ಕೇ ಮರ್ಯಾದೆ ಜಾಸ್ತಿ. ಪಡಸಾಲೆ ಅವಕ್ಕೆ, ಅಡುಗೆಮನೆಯ ಮೂಲೆ ನಮಗೆ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತಿದ್ದವು. ಅದಕ್ಕೆ ಜ್ವರ ಅನ್ನುತ್ತಿದ್ದರು. ಅಷ್ಟು ಹೊತ್ತೂ ಮನೆಯಲ್ಲಿ ಒಗ್ಗರಣೆ ಘಾಟು ಏಳಬಾರದು, ಗಲಾಟೆ ಮಾಡಬಾರದು. ಮುದ್ದೆಗೆ ಸಪ್ಪೆ ಸಾರೇ ಗತಿ. ನಾನು ತೋಟದ ಹಿಪ್ಪುನೇರಳೆ ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಂಡು, ಕುಂಟೆಬಿಲ್ಲೆ ಆಡಲು ಬೀದಿಯ ಆ ತುದಿಗೆ ಹೋಗುತ್ತಿದ್ದೆ.

ಆ ಸಲ ಹುಳ ಕೊನೆಯ ಜ್ವರಕ್ಕೆ ಹೋಗಿತ್ತು. ಅಮ್ಮ ಮರೆತು ಸಾರಿಗೆ ಒಗ್ಗರಣೆ ಹಾಕಿಬಿಟ್ಟಳು. ಒಣಮೆಣಸಿನಕಾಯಿ ಘಾಟು ಪಡಸಾಲೆಗೆ ನುಗ್ಗಿತು. ಅಪ್ಪ ಎದ್ದು, ಹುಳಕ್ಕೆ ಗಾಳಿ ಬರಲೆಂದು ಕಿಟಕಿ ಮೆಲ್ಲಗೆ ತೆಗೆದ. ಆಮೇಲೆ ಅಡುಗೆಮನೆಗೆ ಬಂದು ಬಾಗಿಲು ಹಾಕಿ, ಅಮ್ಮನ ಜಡೆ ಹಿಡಿದು ಹೊಡೆದ. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಕಿರುಚಲು ಹೋದರೆ ಅವಳೇ ಕೈ ಚಾಚಿ ನನ್ನ ಬಾಯಿ ಮುಚ್ಚಿದಳು.

“ಅಳಬೇಡ ಕಣಮ್ಮ, ಹುಳ ಜ್ವರದಲ್ಲೈತೆ,” ಅಂದಳು, ಬಾಯಿಂದ ಸೆರಗು ತೆಗೆದು ಪಿಸುದನಿಯಲ್ಲಿ.

ಹೊಡೆದು ಮುಗಿಸಿದ ಅಪ್ಪ ಹುಳದ ತಟ್ಟೆಯ ಮುಂದೆ ಕೂತು, ಅವಕ್ಕೆ ನೋವಾಗದ ಹಾಗೆ ಬೆರಳ ಸಂದಿಯಿಂದ ತೇವ ಹೀರುವ ಸುಣ್ಣದ ಪುಡಿ ಉದುರಿಸಿದ. ಅದೇ ಕೈ. ನನಗೆ ಆ ಹುಳಗಳನ್ನು ಕಂಡು ಹೊಟ್ಟೆ ಉರಿಯಿತು.

ಸಂಜೆ ಅಜ್ಜಿ ನನ್ನ ತಲೆ ಸವರುತ್ತ ಅಮ್ಮನಿಗೆ, “ನಮ್ಮುಡುಗಿ ಗಟ್ಟಿ ಕಣೇ, ಒಂದು ಸದ್ದು ಮಾಡ್ಲಿಲ್ಲ ನೋಡು,” ಅಂದಳು. ನಾನೂ ಹಿಗ್ಗಿದೆ. ಮುಂದೆ ಹೆಣ್ಣು ನೋಡಲು ಬಂದವರಿಗೂ ಅದನ್ನೇ ಹೇಳಿದರು: “ಬಾಯಿ ಸತ್ತ ಹುಡುಗಿ, ಎದುರು ಮಾತೇ ಇಲ್ಲ.” ಗಂಡಿನ ಕಡೆಯವರು ಕೂತಲ್ಲೇ ಒಪ್ಪಿದರು. ಅವರಿಗೆ ಬೇಕಾಗಿದ್ದೂ ಅದೇ.

ಈಗ ಅಪ್ಪನೂ ಇಲ್ಲ, ಹುಳವೂ ಇಲ್ಲ. ನಾನಿರುವುದು ಚಿಂತಾಮಣಿಯ ಬಾಡಿಗೆ ಮನೆಯಲ್ಲಿ. ಮೊನ್ನೆ ಗಂಡ ಕೈ ಎತ್ತಿದಾಗ ನನ್ನ ಕೈ ತಾನಾಗಿಯೇ ವೇಲಿನ ತುದಿಯನ್ನು ಬಾಯಿಗೆ ಒಯ್ದಿತು. ಅವನು ಬಾಗಿಲು ಬಡಿದುಕೊಂಡು ಆಚೆ ಹೋದ ಮೇಲೆ ನೋಡಿದರೆ, ನನ್ನ ಪುಟ್ಟ ಮಗಳು ಬೀರುವಿನ ಪಕ್ಕದಲ್ಲಿ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಹಿಪ್ಪುನೇರಳೆ ಹಣ್ಣಿನ ರುಚಿ ಅವಳಿಗೆ ಗೊತ್ತಿಲ್ಲ. ಸೊಪ್ಪಿನ ವಾಸನೆಯೂ ಗೊತ್ತಿಲ್ಲ. ನನ್ನ ತವರಿನಿಂದ ಅವಳಿಗೆ ಬಂದದ್ದು ಇದೊಂದೇ.

“ಅಳಮ್ಮ, ಜೋರಾಗಿ ಅಳು. ಇಲ್ಲಿ ಹುಳ ಇಲ್ಲ ಕಣೇ,” ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಬಾಯಿಂದ ಕೈ ತೆಗೆಯಲೂ ಇಲ್ಲ.