ಗುಡುಗು ಕೇಳಿಸಬೇಕಾದ ಮಧ್ಯಾಹ್ನ

ಹಲಸೂರು ದಾಟಿ ಪೂರ್ವಕ್ಕೆ ಬಂದರೆ ಸಿಗುವ ಹಳೆಯ ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ನನಗೊಂದು ವಿಚಿತ್ರ ಕೆಲಸವಿತ್ತು. ಇಲ್ಲಿ ಗುಡುಗುತ್ತದೋ ಇಲ್ಲವೋ ಎಂದು, ಪ್ರಯೋಗಕ್ಕೆಂದು ಇಟ್ಟಿದ್ದ ಕಂಪ್ಯೂಟರ್ ತಾನೇ ಮುಂಚಿತವಾಗಿ ಹೇಳುತ್ತಿತ್ತು. ಅದು ನಿಜವಾಯಿತೇ ಎಂದು ನೋಡಿ ಸರಿ, ತಪ್ಪು ಹಾಕುವವನು ನಾನು. ಮೇಷ್ಟ್ರ ಕೆಲಸವೇ ಅನ್ನಿ. ಹವಾಮಾನ ನೋಡಿ ದಾಖಲಿಸುವ ನಿಲ್ದಾಣದ ವೀಕ್ಷಕರ ಕಿವಿಗೆ ಕೇಳಿಸಿದರೆ ಮಾತ್ರ ಅದು ಗುಡುಗು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ.

ಆ ಬೇಸಿಗೆಯಲ್ಲಿ ಕಂಪ್ಯೂಟರ್ "ಗುಡುಗು" ಎಂದಾಗಲೆಲ್ಲ ನಮ್ಮ ವೀಕ್ಷಕರು "ಇಲ್ಲ" ಎನ್ನುತ್ತಿದ್ದರು. ಶಿವಾಜಿನಗರದವರು, ತಮಾಷೆಯ ಮನುಷ್ಯ. "ನಿಮ್ದು ಮಷೀನ್‌ಗೆ ಭಯ ಜಾಸ್ತಿ ಮೇಡಂ. ಒಂದು ತಾಯಿತ ಕಟ್ಸಿ" ಎಂದು, ಆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹುಡುಗಿಯನ್ನು ರೇಗಿಸುವರು.

ಅವಳು ಕಲಬುರಗಿ ಕಡೆಯವಳು. ಮಹದೇವಪುರದ ಬಾಡಿಗೆ ಕೋಣೆಯಲ್ಲಿ ತಾಯಿಯೊಂದಿಗಿದ್ದಳು. ಗುತ್ತಿಗೆಯ ನೌಕರಿ. ಒಂದು ದಿನ ಮತ್ತೆ ಹಾಗೇ ಆಗಿ, ಇನ್ನೊಂದು ಸಲ ಮುನ್ಸೂಚನೆ ಸುಳ್ಳಾದರೆ ಪ್ರಯೋಗವನ್ನೇ ನಿಲ್ಲಿಸುವುದಾಗಿ ಕಚೇರಿಯ ಸಾಹೇಬರು ಹೇಳಿದಾಗ ಅವಳ ಮುಖ ಬಾಡಿತು.

"ಅದು ನಿಂತ್ರ ನಂದೂ ನೌಕ್ರಿ ಹೋದಂಗ ನೋಡ್ರಿ ಸರ್."

ಆ ಸಂಜೆ ಹೊಸ ತಿಪ್ಪಸಂದ್ರದ ಮನೆಗೆ ಹೋದರೆ ಹೆಂಡತಿಯ ತಕರಾರು: "ಮಧ್ಯಾಹ್ನ ಅದೇನ್ ಗುಡುಗ್ರೀ. ಹೆದರ್ಕೊಂಡು ಟಿವಿ ಪ್ಲಗ್ ಕಿತ್ತೆ, ಧಾರಾವಾಹಿ ಹೋಯ್ತು."

"ನಮ್ಗೆ ಕೇಳಿಸ್ಲೇ ಇಲ್ವಲ್ಲೇ."

"ನಿಮ್ಗೆ ನಾನು ಕೂಗಿದ್ರೂ ಕೇಳಿಸಲ್ಲ ಬಿಡಿ."

ಕೈ ತೊಳೆಯುತ್ತಿದ್ದಾಗ ಹೊಳೆಯಿತು. ನಮ್ಮ ಕಚೇರಿಗೆ ಅಂಟಿದಂತಿರುವ ಶೆಡ್ಡಿನಲ್ಲಿ ಮಧ್ಯಾಹ್ನದ ಹೊತ್ತು ವಿಮಾನದ ಎಂಜಿನ್ ಓಡಿಸಿ ಪರೀಕ್ಷಿಸುತ್ತಾರೆ. ವರ್ಷಗಟ್ಟಲೆ ಕೇಳಿ ಕೇಳಿ, ಅಂಥದೊಂದು ಸದ್ದಿದೆ ಎಂಬುದೇ ನಮಗೆ ಮರೆತುಹೋಗಿತ್ತು. ಗುಡುಗು ಅದರಲ್ಲೇ ಮುಳುಗಿರಬೇಕು.

ಮರುದಿನ ಇದನ್ನೆಲ್ಲ ಹೇಳಿದಾಗ ಸಾಹೇಬರು ನಕ್ಕರು. "ನಿಮ್ಮನೆ ಟಿವಿ ಪ್ಲಗ್ ನಂಬ್ಕೊಂಡು ವರದಿ ಬರೀಲೇನ್ರೀ?" ಆದರೂ ಒಪ್ಪಿದರು. "ಮುಂದಿನ ಸಲ ಎಂಜಿನ್ ನಿಲ್ಲಿಸೋಕೆ ಹೇಳ್ತೀನಿ. ಆಗ್ಲೂ ಕೇಳಿಸ್ದಿದ್ರೆ ಮುಗೀತು."

ಎರಡೇ ದಿನಕ್ಕೆ ಕಂಪ್ಯೂಟರ್ ಮತ್ತೆ ಗುಡುಗು ಎಂದಿತು. ಕೆ.ಆರ್. ಪುರದ ಕಡೆ ಮೋಡ ಗೋಪುರದಂತೆ ಎದ್ದಿತ್ತು. ಸಾಹೇಬರು ಶೆಡ್ಡಿಗೆ ಫೋನ್ ಮಾಡಿದರು; ಎಂಜಿನ್ ನರಳುತ್ತಾ ತಣ್ಣಗಾಯಿತು. ನಾವೆಲ್ಲ ತಾರಸಿಯ ಮೇಲೆ ನಿಂತೆವು. ಬಸ್ಸಿನ ಹಾರನ್ ಕೇಳಿತು, ಎಲ್ಲಿಯದೋ ನಾಯಿ ಬೊಗಳಿತು. ಗುಡುಗಿಲ್ಲ. ಹುಡುಗಿ ದುಪಟ್ಟಾದ ತುದಿಯನ್ನು ಹಿಂಡುತ್ತಲೇ ಇದ್ದಳು. ಅಷ್ಟು ರೇಗಿಸಿದ ವೀಕ್ಷಕರೇ ಈಗ ಕಣ್ಣು ಮುಚ್ಚಿ, ಪೂರ್ವಕ್ಕೆ ಕಿವಿ ಕೊಟ್ಟು, "ಚುಪ್, ಯಾರೂ ಉಸಿರು ಬಿಡ್ಬೇಡಿ" ಎಂದರು.

ಆಮೇಲೆ ಬಂತು. ಮೇಲಿನ ಮನೆಯಲ್ಲಿ ಯಾರೋ ಬೀರು ಎಳೆದಂತೆ, ದಪ್ಪಗೆ, ನಿಧಾನವಾಗಿ.

"ಕೇಳ್ತು," ಎಂದರು ವೀಕ್ಷಕರು, ಗಡಿಯಾರ ನೋಡಿಕೊಂಡು. "ಬರ್ಕೊಳ್ಳಿ ಸಾರ್. ಮೇಡಂ ಪಾಸು."

ಎಂಜಿನ್ ಓಡುತ್ತಿದ್ದ ದಿನಗಳನ್ನೆಲ್ಲ ಲೆಕ್ಕದಿಂದ ತೆಗೆದು ಪ್ರಯೋಗ ಮುಂದುವರಿಸಿ ಎಂದು ಸಾಹೇಬರು ಅಲ್ಲೇ ಹೇಳಿಬಿಟ್ಟರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಹುಡುಗಿ ತಾಯಿಗೆ ಫೋನ್ ಹಚ್ಚಿದಳು.

"ಅವ್ವಾ, ಗುಡುಗಿತು, ಮಾಳಿಗಿ ಮ್ಯಾಲ ನಿಂತು ಕೇಳಿದ್ವಿ," ಎಂದಳು ನಗುತ್ತಾ.

ಫೋನಿನಿಂದ ತಾಯಿಯ ಗದರಿಕೆ ನಮಗೂ ಕೇಳಿಸಿತು: "ಗುಡುಗಿದ್ರ ಒಳಗ ಹೋಗ್ಬಾರ್ದೇನ? ಮಾಳಿಗಿ ಮ್ಯಾಲ ನಿಂತು ಏನ್ ಮಾಡ್ಲಕತ್ತಿ?"