ಗೂಟದ ಮೇಷ್ಟ್ರ ಮಗಳ ವೇಗ

ಬಸ್ ಡಿಪೋ ಹಿಂದಿನ ಮೈದಾನದಲ್ಲಿ ಬೆಳಗಾದ್ರೆ ಬ್ಯಾಟಿನ ಸದ್ದಿಗಿಂತ ಜೋರಾಗಿ ಕೇಳ್ತಿದ್ದದ್ದು ಒಬ್ಬ ಮನುಷ್ಯನ ಬೈಗುಳ. ಟಯರ್ ರಿಪೇರಿ ಅಂಗಡಿಯಲ್ಲಿ ಅವರಿಗೆ ಕೆಲಸ. ಅಂಗಡಿ ಬಾಗಿಲು ತೆರೆಯೋ ಮುಂಚೆ ಇಲ್ಲಿ ಬಂದು ಕ್ರಿಕೆಟ್ ಕಲಿಸ್ತಿದ್ರು. ಊರೆಲ್ಲ ಈ ಪುಣ್ಯಾತ್ಮರನ್ನ ಗೂಟದ ಮೇಷ್ಟ್ರು ಅಂತಿತ್ತು. ಎದುರಿಗಲ್ಲ ಬಿಡಿ, ಎದುರಿಗೆ ಅಂದೋರು ಹಲ್ಲು ಎಣಿಸ್ಕೊಂಡು ಮನೆಗೆ ಹೋಗ್ಬೇಕಾಗ್ತಿತ್ತು.

ಗೂಟ ಯಾಕೆ ಅಂತೀರಾ? ವೇಗದ ಚೆಂಡು ಮೈಮೇಲೆ ನುಗ್ಗಿ ಬಂದಾಗ ಬ್ಯಾಟು ಹಿಡಿದೋನ ಹಿಂದಿನ ಕಾಲು ತಾನಾಗೇ ಪಕ್ಕಕ್ಕೆ ಜಾರುತ್ತೆ. ಜೀವಭಯ ಯಾರ ಅಪ್ಪಣೆಗೂ ಕಾಯಲ್ಲ. ಮೇಷ್ಟ್ರು ಕ್ರೀಸಿನ ಹಿಂದೆ ಕಬ್ಬಿಣದ ಗೂಟ ಹೊಡೆದು, ಆ ಕಾಲನ್ನ ಗೇಣುದ್ದ ಹಗ್ಗದಲ್ಲಿ ಅದಕ್ಕೆ ಬಿಗಿದುಬಿಡ್ತಿದ್ರು. ಆಮೇಲೆ ಚೆಂಡು ಭುಜಕ್ಕೊಂದು, ಪಕ್ಕೆಗೊಂದು, ಎದೆಗೊಂದು. "ಕಾಲು ಓಡದಿದ್ರೆ ಮನಸ್ಸು ಎಲ್ಲಿಗೆ ಓಡುತ್ತಯ್ಯಾ? ನಿಂತ್ಕೊ!" ಅಂತ ಅಬ್ಬರಿಸ್ತಿದ್ರು. ಗಟ್ಟಿ ಇದ್ದೋರು ಮೈಯೆಲ್ಲ ಕಪ್ಪಗೆ ರಕ್ತ ಹೆಪ್ಪುಗಟ್ಟಿಸ್ಕೊಂಡು ಕಲಿತ್ರು. ಉಳಿದೋರು ಮಾರನೇ ದಿನ ಆ ದಿಕ್ಕಿಗೆ ತಲೆ ಹಾಕ್ತಿರಲಿಲ್ಲ.

ಮೇಷ್ಟ್ರನ್ನೂ ಅವರ ಸೋದರಮಾವ ಹೀಗೇ ಕಟ್ಟಿ ಬೆಳೆಸಿದ್ದು. ಮುಂದಿನ ಎರಡು ಹಲ್ಲು ಹೋಗಿದ್ದು ಆಗಲೇ. ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಆಡ್ತಿದ್ರು. ಆದ್ರೆ ಒಂದು ಸಲ ರಾಜ್ಯ ತಂಡದಿಂದ ಬಿಟ್ಟ ಅಂತ ಸೆಲೆಕ್ಟರ್ ಮೂಗಿಗೇ ಗುದ್ದಿದ್ರು. ರಕ್ತ ಸುರೀತು, ಆಟವೂ ಅಲ್ಲಿಗೇ ಮುಗೀತು. ಸಿಟ್ಟಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತಾ? ಅಂದಿನಿಂದ ಅವರಿಗೆ ಒಂದೇ ಹುಚ್ಚು: ತಾನಂತೂ ರಾಜ್ಯಕ್ಕೆ ಆಡಲಿಲ್ಲ, ರಾಜ್ಯದ ಮಹಿಳಾ ತಂಡದಲ್ಲಿ ತನ್ನ ಮಗಳು ಆಡಬೇಕು.

ಮಗಳಿಗೆ ಇಪ್ಪತ್ತೆರಡು. ಅಪ್ಪನಿಗಿಂತ ಎತ್ತರ, ಉದ್ದ ತೋಳು, ಮಾತು ಕಡಿಮೆ. ಅವಳ ಚೆಂಡು ನೆಲಕ್ಕೆ ಬಡಿದು ಗಂಟಲಿಗೇ ಏರ್ತಿತ್ತು. ಅವಳದೇ ಊರ ತಂಡದಲ್ಲಿ ಬ್ಯಾಂಕಿನ ಕ್ಲರ್ಕ್ ಒಬ್ಬಳಿದ್ದಳು, ಪ್ರಾಣಸ್ನೇಹಿತೆ. ಬೌನ್ಸರ್‌ಗೆ ಹೆದರ್ತೀನಿ, ಕಲಿಸಿ ಮೇಷ್ಟ್ರೇ ಅಂತ ಬಂದಳು. ಮೇಷ್ಟ್ರು ಕಟ್ಟಿದ್ರು. ಮಗಳು, "ಅಪ್ಪಾ, ಇವಳ ಹೆಲ್ಮೆಟ್ ಸಡಿಲ ಇದೆ" ಅಂದಳು. "ಹಾಕೇ ಬೌನ್ಸರ್! ಮದುವೆ ಹೆಣ್ಣಾ ಇವಳು, ಅಲಂಕಾರ ಮಾಡೋಕೆ?" ಅಂದ್ರು ಅಪ್ಪ. ಹಾಕಿದಳು. ಸ್ನೇಹಿತೆ ಪಕ್ಕಕ್ಕೆ ಸರಿಯೋಕೆ ನೋಡಿದಳು, ಹಗ್ಗ ಜಗ್ಗಿತು. ಚೆಂಡು ಹೆಲ್ಮೆಟ್ಟಿನ ಕಂಬಿ ಸಂದಿಯಲ್ಲಿ ನುಗ್ಗಿ ಎಡಗಣ್ಣಿಗೆ ಬಡೀತು. ಆ ಕಣ್ಣು ಮತ್ತೆ ಕಾಣಲಿಲ್ಲ.

ಅಲ್ಲಿಂದಾಚೆಗೆ ಮಗಳ ಚೆಂಡು ಮೊಣಕಾಲಿಂದ ಮೇಲೆ ಏಳೋದನ್ನೇ ಬಿಡ್ತು. ವಾರವಾರ ಸ್ನೇಹಿತೆ ಮನೆಗೆ ಹೋಗಿ ಕೂತು ಬರ್ತಿದ್ದಳು. ಮೇಷ್ಟ್ರು ಆ ಕಡೆ ತಪ್ಪಿಯೂ ಹೋಗಲಿಲ್ಲ. ಮಹಿಳಾ ತಂಡದ ಸೆಲೆಕ್ಟರ್ ಒಂದು ದಿನ ಟಯರ್ ಅಂಗಡಿಗೇ ಬಂದು, "ಮೇಷ್ಟ್ರೇ, ನಿಮ್ಮ ಮಗಳು ಈಗ ಹೂವು ಎಸೀತಾಳೆ. ಭಾನುವಾರ ಆಯ್ಕೆ ಪಂದ್ಯ. ಅವತ್ತೂ ಹೀಗೇ ಹಾಕಿದ್ರೆ ಅವಳ ಹೆಸರು ಮರೆತುಬಿಡಿ" ಅಂದು ಹೋದ.

ಶುಕ್ರವಾರ ಬೆಳಿಗ್ಗೆ ಕಲಿಯೋಕೆ ಬಂದೋರನ್ನೆಲ್ಲ ಮನೆಗೆ ಅಟ್ಟಿದ್ರು. ತನ್ನ ಕಾಲನ್ನ ತಾನೇ ಗೂಟಕ್ಕೆ ಕಟ್ಟಿಕೊಂಡ್ರು. ಹೆಲ್ಮೆಟ್ ತೆಗೆದು ಅಭ್ಯಾಸದ ಬಲೆಯಾಚೆ ಒಗೆದ್ರು.

"ಬಾರೇ. ತಲೆಗೆ ಹಾಕು."

"ಅಪ್ಪಾ, ಬೇಡ. ಕಾಲು ಬಿಚ್ಚು."

"ಬಿಚ್ಚಲ್ಲ. ಹೆತ್ತಪ್ಪನ ತಲೆಗೇ ಹಾಕಿದೋಳಿಗೆ ಇನ್ಯಾರ ತಲೆ ಲೆಕ್ಕ? ಹಾಕು!"

ಎಂಥ ಮಾತು ನೋಡಿ! ಲೋಕದಲ್ಲಿ ಅಪ್ಪಂದಿರು ಮಕ್ಕಳಿಗೆ ಏನೇನೋ ಕೊಡ್ತಾರೆ, ಇವರು ತಲೆ ಕೊಡೋಕೆ ನಿಂತಿದ್ರು. ಮೊದಲನೇ ಚೆಂಡು ಬೇಕಂತಲೇ ಮಾರು ದೂರ ಹೋಯ್ತು. ಎರಡನೇದು ಪಾದದ ಹತ್ತಿರ ಬಿತ್ತು. ಮೇಷ್ಟ್ರು ಬ್ಯಾಟು ನೆಲಕ್ಕೆ ಕುಟ್ಟಿ ನಕ್ಕರು. ಆಮೇಲೆ ಆಡಬಾರದ ಮಾತು ಆಡಿದ್ರು.

"ಆ ಹೇಡಿಗೋಸ್ಕರ ಸಾಯ್ತಿದೀಯಾ? ನೆಟ್ಟಗೆ ನಿಂತಿದ್ರೆ ಅವಳಿಗೇನೂ ಆಗ್ತಿರಲಿಲ್ಲ. ಒಂದು ಕಣ್ಣು ಹೋಯ್ತು, ಇನ್ನೊಂದಿದೆಯಲ್ಲ!"

ಮಗಳು ಪಕ್ಕದ ಬಕೆಟ್ಟಿಂದ ಹೊಸ ಚೆಂಡು ಎತ್ತಿಕೊಂಡಳು. ಅದನ್ನ ಪ್ಯಾಂಟಿಗೆ ಉಜ್ಜಿಕೊಂಡು ಹಿಂದಕ್ಕೆ ನಡೆದಳು. ಮಾಮೂಲಿಗಿಂತ ದೂರ ನಡೆದಳು.

ಮೂರನೇದು ಪಕ್ಕೆಗೆ ಬಂತು. ಒಣಗಿದ ಕಟ್ಟಿಗೆ ಮುರಿದ ಹಾಗೆ ಸದ್ದಾಯ್ತು. ಮೇಷ್ಟ್ರಿಗೆ ಉಸಿರು ಸಿಕ್ಕಿಕೊಂಡಿತು, ಆದ್ರೂ ಮುಖದಲ್ಲಿ ಹಿಗ್ಗು. "ಹಾಂ! ಹೀಗೇ! ಇನ್ನೂ ಮೇಲೆ!" ಅಂತ ಕೂಗಿದ್ರು. ನಾಲ್ಕನೇದನ್ನ ಅವರು ನೋಡಲೇ ಇಲ್ಲ. ದವಡೆಗೆ ಬಡಿದು ಬಾಯಿ ಒಂದು ಪಕ್ಕಕ್ಕೆ ಹೋಯ್ತು. ಕಟ್ಟಿದ ಕಾಲು ತಿರುಚಿಕೊಂಡು ಮಂಡಿಯೂರಿ ಬಿದ್ರು. ಉಗುಳಿದ ರಕ್ತದಲ್ಲಿ ಹಲ್ಲಿನ ಚೂರು ಇತ್ತು.

ಸಾಕು ಅನ್ನೋಕೆ ನೋಡಿದ್ರು. ನಾಲಿಗೆ ಹೊರಳಲಿಲ್ಲ, ದವಡೆ ಅಲ್ಲಾಡಲಿಲ್ಲ. ತಲೆ ಎತ್ತಿ ನೋಡಿದ್ರೆ, ಮಗಳು ಬಕೆಟ್ಟಿಂದ ಇನ್ನೊಂದು ಚೆಂಡು ತಗೊಂಡು ಆಗಲೇ ಹಿಂದಕ್ಕೆ ಹೋಗಿ ತಿರುಗಿ ನಿಂತಿದ್ದಳು. ಮೇಷ್ಟ್ರು ಬಲಗೈ ಎತ್ತಿ ಅಂಗೈ ತೋರಿಸಿದ್ರು. ಅವಳು ಓಡಿ ಬಂದಳು. ಮೇಷ್ಟ್ರು ಕಾಲು ಎಳೆದ್ರು, ಇನ್ನೂ ಎಳೆದ್ರು. ತಾನೇ ಬಿಗಿದ ಗಂಟು, ಎಲ್ಲಿ ಬಿಚ್ಚುತ್ತೆ? ಐದನೇದು ಎತ್ತಿದ ಕೈಗೇ ಬಡಿದು ಬೆರಳು ಮುರೀತು. ಕೈ ಅಡ್ಡ ಇಲ್ಲದಿದ್ರೆ ಹಣೆಗೆ ಬೀಳ್ತಿತ್ತು.

ಮೇಷ್ಟ್ರ ಹೆಂಡತಿ ಡಿಪೋದಲ್ಲಿ ಬಸ್ ತೊಳೀತಿದ್ದಳು. ಕಾಂಪೌಂಡ್ ಮೇಲಿಂದ ಕಂಡಿದ್ದೇ ತಡ, ಒದ್ದೆ ಕೈಯಲ್ಲೇ ಓಡಿ ಬಂದಳು. ಆರನೇ ಚೆಂಡು ಹಿಡಿದು ನಿಂತಿದ್ದ ಮಗಳ ಕೆನ್ನೆಗೆ ಫಟಾರ್ ಅಂತ ಬಾರಿಸಿದಳು. ಮಗಳು ಅಲುಗಲಿಲ್ಲ, ಚೆಂಡು ಮಾತ್ರ ಕೈಯಿಂದ ಬಿತ್ತು. ಹಿಂದೆ ಓಡಿ ಬಂದ ಡ್ರೈವರ್ ಒಬ್ಬನ ಚಾಕು ಕಿತ್ಕೊಂಡು ಗಂಡನ ಕಾಲಿನ ಹಗ್ಗ ಕುಯ್ಯುತ್ತಾ, "ಹೆತ್ತ ಮಗಳ ಕೈಲಿ ಕೊಲೆ ಮಾಡಿಸ್ಬೇಕು ಅಂತಿದ್ರೇನ್ರೀ? ನಿಮ್ಮ ಆಟಕ್ಕೆ ಬೆಂಕಿ ಬೀಳ!" ಅಂತ ಅತ್ತಳು. ಡಿಪೋದ ಡ್ರೈವರ್‌ಗಳು ಮೇಷ್ಟ್ರನ್ನ ಎತ್ತಿ ಆಸ್ಪತ್ರೆಗೆ ಸಾಗಿಸಿದ್ರು.

ದವಡೆಗೆ ತಂತಿ ಬಿಗಿದ್ರು, ಕೈಗೆ ಪ್ಲಾಸ್ಟರ್ ಹಾಕಿದ್ರು. ಪಕ್ಕೆ ನೋವಿಗೆ ಮಗ್ಗುಲು ಬದಲಾಯಿಸೋ ಹಾಗಿರಲಿಲ್ಲ. ಆದ್ರೂ ಭಾನುವಾರ ಇಡೀ ಮೇಷ್ಟ್ರ ಕಣ್ಣು ವಾರ್ಡಿನ ಬಾಗಿಲಲ್ಲೇ ಇತ್ತು. ಹಟ ಅಂದ್ರೆ ಅದು!

ಸಂಜೆ ಮಗಳು ಬಂದಳು. ಬಿಳಿ ಬಟ್ಟೆ, ಮೊಣಕೈಯಲ್ಲಿ ಮಣ್ಣು. ಮಂಚದ ಪಕ್ಕ ನಿಂತಳು.

"ತಂಡಕ್ಕೆ ತಗೊಂಡ್ರಪ್ಪ. ನನ್ನ ಹೆಸರು ಮೊದಲನೇದು."

ಮೇಷ್ಟ್ರ ಕಣ್ಣು ತುಂಬಿ ಬಂತು. ಮಗಳು ಅದೇ ದನಿಯಲ್ಲಿ ಹೇಳ್ತಾ ಹೋದಳು. "ಒಬ್ಬಳಿಗೆ ಕಿವಿ ಹಿಂದೆ ಬಿತ್ತು, ಹೆಲ್ಮೆಟ್ಟಿನ ಕೆಳಗೆ. ಸ್ಟ್ರೆಚರ್ ತಂದ್ರು. ಎಲ್ಲರೂ ಓಡಿ ಹೋದ್ರು, ನಾನು ಹೋಗಲಿಲ್ಲ. ಏನೂ ಅನ್ನಿಸಲಿಲ್ಲಪ್ಪ. ನೀನು ಹೇಳಿದ್ದು ಸರಿ, ಇನ್ಯಾರ ತಲೆಯೂ ಲೆಕ್ಕಕ್ಕಿಲ್ಲ."

ಇಲ್ಲ ಕಣೇ, ಸರಿಯಲ್ಲ ಕಣೇ ಅಂತ ಮೇಷ್ಟ್ರ ಎದೆ ಕೂಗಿತು. ತಂತಿ ಬಿಗಿದ ಬಾಯಿಂದ ಬಂದಿದ್ದು ಬರೀ ಗೊರಗೊರ. ಅಪ್ಪನಿಗೆ ಬಾಯಾರಿರಬೇಕು ಅಂದುಕೊಂಡು ಮಗಳು ನೀರಿನ ಲೋಟಕ್ಕೆ ಅಂತ ಅವರ ತಲೆಯಾಚೆ ಕೈ ಚಾಚಿದಳು.

ಮೇಷ್ಟ್ರು ತಂತಿಯ ಸಂದಿಯಲ್ಲೇ ಚೀರಿದ್ರು. ಪ್ಲಾಸ್ಟರ್ ಕೈ ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಒತ್ತಿಕೊಂಡ್ರು. ಪಕ್ಕದ ಮಂಚದೋರೆಲ್ಲ ಎದ್ದು ಕೂತು ನೋಡಿದ್ರು.

ಮಗಳ ಕೈ ಅಲ್ಲೇ ನಿಂತಿತು. "ನೀರು ಕೊಡೋಕೆ ಬಂದೆ ಅಪ್ಪಾ" ಅಂದಳು. ಅವರು ಕೈ ಇಳಿಸಲಿಲ್ಲ. ಇಳಿಸಬೇಕು ಅಂತಲೇ ಇದ್ರು ಪಾಪ, ಕೈ ಮಾತು ಕೇಳಲಿಲ್ಲ. ಅವಳು ಲೋಟ ಇದ್ದಲ್ಲೇ ಬಿಟ್ಟು ಹೊರಟಳು.

ಹೆಂಡತಿ ಒಳಗೆ ಬಂದಾಗ ಮೇಷ್ಟ್ರು ಮಂಚದ ಕಂಬಿಗೆ ಎಡಗೈ ಗುದ್ದಿ ಗುದ್ದಿ ಅಳ್ತಿದ್ರು. ಮಗಳು ಆಯ್ಕೆಯಾದ ಸುದ್ದಿ ಅವಳಿಗೂ ಗೊತ್ತಾಗಿತ್ತು. ಗಂಡನ ಬಾಯಿಂದ ಸೋರ್ತಿದ್ದ ಜೊಲ್ಲು ಒರೆಸುತ್ತಾ ಕೇಳಿದಳು, "ಬೇಕಾಗಿದ್ದು ಸಿಕ್ತಲ್ರೀ. ಇನ್ಯಾಕೆ ಅಳ್ತೀರಿ?"