ಎಲ್ಲೂ ತಡವರಿಸದ ಟೀಚರ್

ಅವಳಿಗೆ ಟೀಚರ್ ಆಗಬೇಕು ಅನ್ನೋ ಹುಚ್ಚು ಇವತ್ತಿನದಲ್ಲ ಬಿಡಿ. ಮೊಣಕಾಲೆತ್ತರ ಇದ್ದಾಗಲೇ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಚಿ, ಅಮ್ಮನ ಹೊಲಿಗೆ ಮೆಷಿನ್ನಿಗೆ ಮಗ್ಗಿ ಹೇಳಿಕೊಟ್ಟವಳು. ಮನೆಯಲ್ಲಿ 'ಟೀಚರಮ್ಮ' ಅಂತ ಹೆಸರು ಬಿದ್ದದ್ದು ಆಗಲೇ. ಬೀದಿ ಹುಡುಗರು ಇಟ್ಟ ಹೆಸರು ಬೇರೆ, 'ಸ್ಟಾರ್ಟ್ ಆಗದ ಗಾಡಿ'. ಮಾತಿನ ಮೊದಲಿಗೆ ಪ, ಬ, ಮ ಬಂತೆಂದರೆ ಸಾಕು, ಅವಳ ತುಟಿ ಅಂಟು ಹಾಕಿದ ಹಾಗೆ ಕೂತುಬಿಡುತ್ತಿತ್ತು. ಮೆಷಿನ್ ಮುಂದೆ ಮಾತು ಸರಾಗ; ಮನುಷ್ಯರು ಎದುರಿಗೆ ಬಂದರೆ ಮುಗೀತು ಕಥೆ.

ಉಗ್ಗು ಇರುವವರ ತಲೆ ಎಷ್ಟು ಓಡುತ್ತೆ ಅಂತ ಸಲೀಸಾಗಿ ಮಾತಾಡೋ ಜನಕ್ಕೆ ಏನು ಗೊತ್ತು? ಅಮ್ಮ ಬಿಳಿ ದಾರ ತಾ ಅಂತ ಕಳಿಸಿದರೆ, ಅಂಗಡಿಯವನ ಮುಂದೆ 'ಬ' ಹೊರಡದೆ, 'ಕೆಂಪು ದಾರ ಕೊಡಿ' ಅಂದು ತಂದುಬಿಡುತ್ತಿದ್ದಳು. ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಪೆಟ್ಟಿಗೆ ತುಂಬ ಕೆಂಪು ದಾರ! ಒಂದು ಮಾತು ಬರದಿದ್ದರೆ ಇನ್ನೊಂದನ್ನು ಹುಡುಕಿ ನುಸುಳಿಕೊಳ್ಳೋದೇ ಅವಳಿಗೆ ಉಸಿರಾಟವಾಗಿಹೋಗಿತ್ತು.

ಹೀಗೆ ನುಸುಳುತ್ತಾ ನುಸುಳುತ್ತಾ ಶಿಕ್ಷಕರ ತರಬೇತಿಯ ಕೊನೆಯ ವರ್ಷಕ್ಕೆ ಬಂದಳು. ಉಳಿದದ್ದು ಒಂದೇ ಪರೀಕ್ಷೆ: ನಿಜವಾದ ಶಾಲೆಯಲ್ಲಿ, ನಿಜವಾದ ಮಕ್ಕಳಿಗೆ ಒಂದು ಪಾಠ. ತರಬೇತಿ ಕಾಲೇಜಿನ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುತ್ತಾರೆ. ಆ ಮೇಡಂ ಮೊದಲ ದಿನವೇ ಹೇಳಿದ್ದರು: "ನಾಲಿಗೆ ಗಟ್ಟಿ ಇಲ್ಲದವರಿಗೆ ಕ್ಲಾಸು ಹಿಡಿಯೋಕಾಗಲ್ಲ. ಅಂಥವರನ್ನ ನಾನಂತೂ ಪಾಸು ಮಾಡಲ್ಲ." ಅವರೇನೂ ಇವಳನ್ನು ನೋಡಿ ಹೇಳಿದ್ದಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಇವಳೇ ತಲೆ ತಗ್ಗಿಸಿದಳು.

ಆಗ ಹೊಳೆಯಿತು ಆನ್‌ಲೈನ್ ಉಪಾಯ. ಪಾಠಕ್ಕೆ ವಿಡಿಯೋ. ಪ್ರಶ್ನೆಗೆ ಕ್ವಿಜ್, ಮಕ್ಕಳು ಟ್ಯಾಬ್‌ನಲ್ಲಿ ಉತ್ತರ ಒತ್ತಬೇಕು. ಅನುಮಾನ ಬಂದರೆ ಟೈಪ್ ಮಾಡಬೇಕು, ಟೀಚರ್ ಟೈಪ್ ಮಾಡಿಯೇ ಉತ್ತರ ಕೊಡುತ್ತಾಳೆ. 'ಮಕ್ಕಳಲ್ಲಿ ಆಸಕ್ತಿ ಹೆಚ್ಚುತ್ತದೆ' ಅಂತ ಪಾಠಯೋಜನೆಯಲ್ಲಿ ಬರೆದಳು. ಸುಳ್ಳೇನಲ್ಲ. ಆದರೆ ಆ ಯೋಜನೆಯಲ್ಲಿ ಟೀಚರ್ ಬಾಯಿ ಬಿಡೋ ಜಾಗವೇ ಇರಲಿಲ್ಲ ಅನ್ನೋದನ್ನು ಬರೆಯಲಿಲ್ಲ.

ಪಾಠ ಬಾಷ್ಪೀಕರಣ. ಅವಳ ಹಣೆಬರಹ ನೋಡಿ, ಬಂದು ಬಂದು ಅದೇ ಬರಬೇಕೇ! ಅಣ್ಣ ಸ್ಟುಡಿಯೋ ಒಂದರಲ್ಲಿ ವಿಡಿಯೋ ಎಡಿಟ್ ಮಾಡುವವನು. ಭಾನುವಾರ ಅಮ್ಮನ ಮೆಷಿನ್ ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿ ರೆಕಾರ್ಡ್ ಮಾಡಿದರು. ತಂಗಿ ಸಿಕ್ಕಿಕೊಂಡ ಕಡೆಯೆಲ್ಲ ಅಣ್ಣ ಕತ್ತರಿ ಆಡಿಸಿದ. ಕೊನೆಗೆ ನೋಡಿದರೆ, ಪರದೆಯ ಮೇಲಿದ್ದವಳು ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು.

"ಹೆಂಗಿದೆ ಅಮ್ಮಾ?" ಅಣ್ಣ ಕಾಲರ್ ಏರಿಸಿದ.

ಅಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದಳು. "ಚೆನ್ನಾಗಿದೆ ಕಣೋ. ಆದ್ರೆ ಇವಳ್ಯಾರು?"

"ನಾನೇ ಅಮ್ಮಾ!"

"ನನ್ನ ಮಗಳು ಮಧ್ಯೆ ಮಧ್ಯೆ ನಿಲ್ತಾಳಪ್ಪ. ಇವಳು ಉಸಿರೂ ತಗೊಳ್ಳಲ್ಲ."

ಟೀಚರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆ ಸಂಜೆ ಅಮ್ಮನ ಜೊತೆ ಮಾತು ಬಿಟ್ಟಳು.

ಪಾಠದ ದಿನ ಎಲ್ಲ ಸರಿಯಾಗೇ ಇತ್ತು. ಪ್ರೊಜೆಕ್ಟರ್ ಹತ್ತಿತು, ನೆಟ್ ಬಂತು. ಅವಳಿಗೆ ಗೊತ್ತಿಲ್ಲದ್ದು ಒಂದೇ: ಪಾಠ ಶುರುವಾಗುವ ಮೊದಲು ದಿನಕ್ಕೊಬ್ಬರು ಎದ್ದು ನಿಂತು ಪ್ರಶ್ನೆಯನ್ನು ಜೋರಾಗಿ ಓದುವುದು ಆ ತರಗತಿಯ ರೂಢಿ. ಪರದೆಯ ಮೇಲೆ ಪ್ರಶ್ನೆ ಬಿದ್ದದ್ದೇ ತಡ, ಕಿಟಕಿ ಪಕ್ಕದ ಎರಡು ಜಡೆಯ ಹುಡುಗಿ ಎದ್ದು ನಿಂತಳು. ಅವಳು ಓದಬೇಕಿದ್ದದ್ದು: 'ಬಟ್ಟೆ ಒಣಗಿದಾಗ ನೀರು ಎಲ್ಲಿಗೆ ಹೋಗುತ್ತದೆ?'

"ಬ..." ಅಂದಳು ಹುಡುಗಿ. "ಬ... ಬ್..."

ಹುಡುಗಿಯ ತುಟಿ ಅಂಟಿದ ಕೂಡಲೇ ಇವಳ ತುಟಿಯೂ ಅಂಟಿಕೊಂಡಿತು. ಹಿಂದಿನಿಂದ ಯಾರೋ "ಬ್ಯಾ ಬ್ಯಾ" ಅಂತ ಮೇಕೆಯ ಹಾಗೆ ಅರಚಿದರು. ಇಡೀ ಕ್ಲಾಸು ಕಿಸಕ್ಕೆಂದಿತು. ಹುಡುಗಿ ಟೀಚರ್ ಕಡೆ ನೋಡಿದಳು.

ಒಂದು ಮಾತು ಸಾಕಿತ್ತು. 'ಸುಮ್ನಿರ್ರೋ, ನನಗೂ ಹೀಗೇ ಆಗುತ್ತೆ' ಅಂದಿದ್ದರೆ ಆಗಿಹೋಗುತ್ತಿತ್ತು. ಅದರಲ್ಲಿ ಅವಳಿಗೆ ತೊಡಕಿನ ಅಕ್ಷರದಿಂದ ಶುರುವಾಗುವ ಮಾತು ಒಂದೂ ಇರಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಮೇಡಂ ಪೆನ್ನು ಹಿಡಿದು ಕೂತಿದ್ದರು. ಅವಳು ವಿಡಿಯೋ ಒತ್ತಿದಳು.

ಪರದೆಯ ಟೀಚರ್ ಪಟಪಟ ಮಾತಾಡಿದಳು. ಮಕ್ಕಳು ಬಾಯಿ ತೆರೆದು ನೋಡಿದರು. ಹುಡುಗಿ ಪ್ರಶ್ನೆಯನ್ನು ಪೂರ್ತಿ ಓದದೆ, ಯಾರೂ ಕೂತ್ಕೋ ಅನ್ನದೆ, ತಾನೇ ಮೆಲ್ಲಗೆ ಕೂತಳು.

ಗಂಟೆ ಹೊಡೆದ ಮೇಲೆ ಮೇಡಂ ಹೇಳಿದರು: "ಭೇಷ್ ಕಣ್ರೀ! ಅಷ್ಟು ಗಲಾಟೆ, ಒಂದು ಬಟನ್ ಒತ್ತಿ ನಿಲ್ಲಿಸಿಬಿಟ್ರಲ್ಲ. ಕೂತಿರಿ, ಅಂಕ ಹಾಕಿ ಸಹಿ ಮಾಡಿಬಿಡ್ತೀನಿ."

"ಥ್ಯಾಂಕ್ಸ್ ಮೇಡಂ" ಅನ್ನುವ ಬದಲು "ಥ್ಯಾಂಕ್ಸ್" ಅಂದು ಅಲ್ಲಿಗೇ ನಿಲ್ಲಿಸಿದಳು. ಗೆದ್ದಳು ಅನ್ನಿ.

ವೈರು ಸುತ್ತುತ್ತಿದ್ದಾಗ ಎರಡು ಜಡೆಯವಳು ಹತ್ತಿರ ಬಂದು ನಿಂತಳು. ಹೇಳಲೋ ಬೇಡವೋ ಅಂತ ಜಡೆಯ ತುದಿ ಕಚ್ಚಿದಳು.

"ಟೀಚರ್, ನೀವು ಎಷ್ಟು ಚೆನ್ನಾಗಿ ಮ... ಮಾತಾಡ್ತೀರ. ಎಲ್ಲೂ ನಿಲ್ಲಲ್ಲ. ನಂಗೂ ಆ ಥರ ವಿಡಿಯೋ ಮಾ... ಮಾಡೋದು ಹೇಳ್ಕೊಡ್ತೀರಾ? ಆಮೇಲೆ ನಾನು ಕ್ಲಾಸಲ್ಲಿ ಬಾ... ಬಾಯೇ ಬಿಡಲ್ಲ."

ಅವಳ ಕೈಯಲ್ಲಿದ್ದ ವೈರು ಅಲ್ಲೇ ನಿಂತಿತು. ಅಯ್ಯೋ ದೇವರೇ, ಇದನ್ನಾ ನಾನು ಕಲಿಸಿದ್ದು? ಅನ್ನಿಸಿ ಕಣ್ಣು ತುಂಬಿತು. ಹಿಂದಿನ ಬೆಂಚಿನಲ್ಲಿ ಮೇಡಂ ಇನ್ನೂ ಬರೆಯುತ್ತಿದ್ದರು.

'ಆಯ್ತು' ಅನ್ನಬಹುದಿತ್ತು. 'ನೋಡೋಣ' ಅನ್ನಬಹುದಿತ್ತು. ಕೆಂಪು ದಾರದಂಥ ಮಾತುಗಳು ನಾಲಿಗೆ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಅವಳು ಅವನ್ನೆಲ್ಲ ಬಿಟ್ಟಳು.

"ಬೇ..." ಅಂದಳು. ತುಟಿ ಕಚ್ಚಿಕೊಂಡಿತು. ಕತ್ತಿನ ನರ ಉಬ್ಬಿತು. "ಬೇ... ಬ್... ಬೇ..."

ಮೇಡಂ ಪೆನ್ನು ನಿಲ್ಲಿಸಿ ತಲೆ ಎತ್ತಿದರು. ಸಹಿ ಇನ್ನೂ ಆಗಿರಲಿಲ್ಲ.

ಹುಡುಗಿ ಬೆರಗಿನಿಂದ ಅವಳ ತುಟಿಯನ್ನೇ ನೋಡಿದಳು. ನಗಲಿಲ್ಲ. ಆ ಮಾತನ್ನು ತಾನೇ ಮುಗಿಸಿಕೊಡಲೂ ಇಲ್ಲ. ಚೀಲ ಕೆಳಗಿಟ್ಟು, ಟೀಚರ್ ಹೇಳಿ ಮುಗಿಸಲಿ ಅಂತ ಕಾದಳು.